ಕುಡಿತ ಕಮ್ಮಿ ಮಾಡೋದ್ರ ಬಗ್ಗೆ ಜನ ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. 11 ವರ್ಷ ದಿನಾ ಕುಡಿದು, ಈಗ 7 ವರ್ಷದಿಂದ ಬಿಟ್ಟಿರೋನು ಅಷ್ಟೇ. ಬಿಟ್ಟಿದೀನಿ ಅಂತ ಗೊತ್ತಾದ ಮೇಲೆ ಮದುವೆ ಮನೇಲಿ, ಆಫೀಸ್ ಕ್ಯಾಂಟೀನಲ್ಲಿ, ರಾತ್ರಿ 11 ಗಂಟೆಗೆ ಬರೋ ವಾಟ್ಸಾಪ್ ಮೆಸೇಜಲ್ಲಿ ಎಲ್ಲಾ ಕಡೆ ಅವೇ ಪ್ರಶ್ನೆಗಳು. ಒಂದೊಂದು ಸಲ ಟೈಪ್ ಮಾಡಿ ಮಾಡಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿಟ್ಟಿದೀನಿ. ಪ್ರಶ್ನೆ ಕೇಳಿದವರ ಮಾತು ಹಾಗೇ ಇದೆ, ಹೆಸರು ಮಾತ್ರ ಇಲ್ಲ.

## ಮೊದಲು ಲೆಕ್ಕ

ದಿನಾ ಒಂದು ಕ್ವಾರ್ಟರ್ ಅಷ್ಟೇ ಸರ್, ಅದಕ್ಕಿಂತ ಜಾಸ್ತಿ ಇಲ್ಲ. ಅದೇನು ದೊಡ್ಡ ಕುಡಿತನಾ?

ಹೌದು, ದೊಡ್ಡದೇ. ನನಗೂ ಇದನ್ನ ಒಬ್ರು ಲೆಕ್ಕ ಹಾಕಿ ತೋರಿಸೋವರೆಗೂ ಗೊತ್ತಿರ್ಲಿಲ್ಲ. ನಮ್ಮ ಕಡೆ ಸಿಗೋ ವಿಸ್ಕಿ, ಬ್ರಾಂದಿ, ರಮ್ ಎಲ್ಲಾ ಸಾಮಾನ್ಯವಾಗಿ 42.8 ಪರ್ಸೆಂಟ್, ಬಾಟಲ್ ಮೇಲೇ ಬರೆದಿರುತ್ತೆ. 30 ಎಂಎಲ್ ಸ್ಮಾಲ್ ಪೆಗ್ಗಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತೆ. 90 ಎಂಎಲ್‌ನ ನೈಂಟಿ ಅಂದ್ರೆ 30 ಗ್ರಾಂ, 180 ಎಂಎಲ್‌ನ ಕ್ವಾರ್ಟರ್ ಅಂದ್ರೆ 60 ಗ್ರಾಂ. ಈಗ ಹೋಲಿಸಿ ನೋಡಿ, ಬ್ರಿಟನ್ ಸರ್ಕಾರದ ಡಾಕ್ಟರುಗಳು 2016ರಲ್ಲಿ ಇದಕ್ಕಿಂತ ಜಾಸ್ತಿ ಬೇಡ ಅಂತ ಹಾಕಿದ ಗೆರೆ ವಾರಕ್ಕೆ 112 ಗ್ರಾಂ. ವಾರಕ್ಕೆ! ಅಂದ್ರೆ ನಮ್ಮ ಎರಡು ಕ್ವಾರ್ಟರ್‌ಗಿಂತ ಕಮ್ಮಿ, ದಿನಾ ಕ್ವಾರ್ಟರ್ ಹಾಕೋನು ಸೋಮವಾರ ಮಂಗಳವಾರದೊಳಗೇ ಆ ವಾರದ ಕೋಟಾ ಮುಗಿಸಿಬಿಟ್ಟಿರ್ತಾನೆ.

ನಮ್ಮಲ್ಲಿ ಅಳತೆ ಅನ್ನೋದು ಪ್ಯಾಕೆಟ್ ಜೊತೆ ಅಂಟಿಕೊಂಡಿದೆ. 2007ರ ಜುಲೈಯಲ್ಲಿ ಸಾರಾಯಿ ನಿಂತ್ಹೋದ ಮೇಲೆ ಸ್ಯಾಚೆಟ್ ಜಾಗಕ್ಕೆ ಟೆಟ್ರಾ ಪ್ಯಾಕ್ ಬಂತು, ಜನ "ಎಷ್ಟು ಕುಡೀತೀಯಾ" ಅಂದ್ರೆ "ಎರಡು ನೈಂಟಿ" ಅಂತಾರೆ, ಎರಡು ಅಂದ ತಕ್ಷಣ ಕಮ್ಮಿ ಅನ್ಸುತ್ತೆ. ಅದು ಆರು ಪೆಗ್ಗು.

ನಾನು ಹಾಟ್ ಮುಟ್ಟಲ್ಲ ಬ್ರೋ, ಬರೀ ಬಿಯರ್. ಬಿಯರ್ ಏನ್ ಮಾಡುತ್ತೆ?

650 ಎಂಎಲ್ ಸ್ಟ್ರಾಂಗ್ ಬಿಯರ್, 8 ಪರ್ಸೆಂಟ್ ಅಂತಿಟ್ಕೊಳ್ಳಿ, ಅದರಲ್ಲಿ 40 ಗ್ರಾಂ ಆಲ್ಕೋಹಾಲ್ ಇದೆ. ನಾಲ್ಕು ಸ್ಮಾಲ್ ಪೆಗ್ ಲೆಕ್ಕ. ಎರಡು ಬಾಟಲ್ ಸ್ಟ್ರಾಂಗ್ ಕುಡಿದೋನು ಕ್ವಾರ್ಟರ್ ಕುಡಿದೋನಿಗಿಂತ ಜಾಸ್ತಿ ಕುಡಿದಿದಾನೆ. ಲಿವರ್‌ಗೆ ಲೇಬಲ್ ಓದೋಕೆ ಬರಲ್ಲ, ಗ್ರಾಂ ಮಾತ್ರ ಗೊತ್ತಾಗೋದು. ಹೆಂಡಕ್ಕೂ ಇದೇ ಮಾತು, ಮರದಿಂದ ಬಂದಿದ್ದು ಅನ್ನೋ ಕಾರಣಕ್ಕೆ ರಿಯಾಯ್ತಿ ಇಲ್ಲ.

ದಿನಾ ಸ್ವಲ್ಪ ತಗೊಂಡ್ರೆ ಹಾರ್ಟ್‌ಗೆ ಒಳ್ಳೇದು ಅಂತಾರಲ್ಲ, ರೆಡ್ ವೈನ್ ಆದ್ರೂ?

ಹಳೇ ಅಧ್ಯಯನಗಳಲ್ಲಿ ಹಾಗೆ ಕಾಣಿಸ್ತಿತ್ತು. ಆಮೇಲೆ ನೋಡಿದ್ರೆ "ಕುಡಿಯದೇ ಇರೋರು" ಅಂತ ಲೆಕ್ಕ ಹಾಕಿದ ಗುಂಪಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರ್ಕೊಂಡಿದ್ರು, ಅವರ ಪಕ್ಕ ಇಟ್ಟು ನೋಡಿದ್ರೆ ಸ್ವಲ್ಪ ಕುಡಿಯೋರು ಆರೋಗ್ಯವಾಗೇ ಕಾಣ್ತಾರೆ ಬಿಡಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸುರಕ್ಷಿತ ಅನ್ನೋ ಪ್ರಮಾಣ ಯಾವುದೂ ಇಲ್ಲ ಅಂತ ನೇರವಾಗೇ ಹೇಳ್ತು. ಹಾರ್ಟ್‌ಗೋಸ್ಕರ ಏನಾದ್ರೂ ಮಾಡ್ಲೇಬೇಕು ಅಂದ್ರೆ ಬೆಳಗ್ಗೆ ಎದ್ದು ನಡೀರಿ. ಈ ಪ್ರಶ್ನೆ ಕೇಳಿದವರಲ್ಲಿ ಒಬ್ರೂ ವೈನ್ ಕುಡಿಯೋರಲ್ಲ ಅನ್ನೋದು ನನ್ನ ಅನುಭವ.

ಮಜ್ಜಿಗೆ, ನಿಂಬೆಹಣ್ಣು, ಸ್ಟ್ರಾಂಗ್ ಕಾಫಿ... ಯಾವುದರಲ್ಲಿ ಬೇಗ ಇಳಿಯುತ್ತೆ?

ಯಾವುದರಲ್ಲೂ ಇಲ್ಲ. ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಸುಡುತ್ತೆ, ಅದಕ್ಕೆ ಆಕ್ಸಿಲರೇಟರ್ ಇಲ್ಲ. ಕಾಫಿ ಕುಡಿದ್ರೆ ನಿದ್ದೆಗಣ್ಣಿನ ಕುಡುಕ ಎಚ್ಚರ ಇರೋ ಕುಡುಕ ಆಗ್ತಾನೆ. ರಾತ್ರಿ 11 ಗಂಟೆಗೆ ಕ್ವಾರ್ಟರ್ ಮುಗಿಸಿದ್ರೆ ಬೆಳಗ್ಗೆ 6 ಗಂಟೆಗೂ ಪೂರ್ತಿ ಇಳಿದಿರದೇ ಇರಬಹುದು, ಕಾನೂನಲ್ಲಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಮಿತಿ, ಬೆಳಗಿನ ಜಾವದ ಶಿಫ್ಟ್‌ಗೆ ಗಾಡಿ ತೆಗೆಯೋ ಡ್ರೈವರ್‌ಗಳು ಇದನ್ನ ಮನಸ್ಸಲ್ಲಿಟ್ಕೊಳ್ಳಿ.

## ಮೈ ಒಳಗೆ ಏನಾಗುತ್ತೆ

ಎಲ್‌ಎಫ್‌ಟಿ ಮಾಡಿಸ್ದೆ, ನಾರ್ಮಲ್ ಬಂದಿದೆ. ಲಿವರ್ ಓಕೆ ತಾನೆ?

ಎಲ್‌ಎಫ್‌ಟಿ ಅಂದ್ರೆ ಲಿವರ್‌ಗೆ ಮಾಡೋ ರಕ್ತ ಪರೀಕ್ಷೆ. ಈ ರಿಪೋರ್ಟನ್ನ ಜನ ಕುಡಿಯೋಕೆ ಲೈಸೆನ್ಸ್ ಥರ ಜೇಬಲ್ಲಿಟ್ಕೊಂಡು ಓಡಾಡ್ತಾರೆ, ನಾನೂ ಓಡಾಡಿದೀನಿ. ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನೋವು ಲಿವರ್ ಜೀವಕೋಶಗಳು ಒಡೆದಾಗ ರಕ್ತಕ್ಕೆ ಸೋರೋ ಪದಾರ್ಥ. ಆ ದಿನ ಸೋರಿಕೆ ಎಷ್ಟಿದೆ ಅಂತ ಅದು ಹೇಳುತ್ತೆ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಹೇಳಲ್ಲ. ಸಿರೋಸಿಸ್, ಅಂದ್ರೆ ಲಿವರ್ ಗಾಯದ ಕಲೆ ಕಟ್ಟಿ ಗಟ್ಟಿಯಾಗೋ ಕಾಯಿಲೆ, ಆದವರಲ್ಲೂ ಅದು ಹತ್ತಿರ ಹತ್ತಿರ ನಾರ್ಮಲ್ ಬರಬಹುದು. ಡಾಕ್ಟರು ಕುಡಿತದ ಗುಮಾನಿ ಇದ್ರೆ ಎಸ್‌ಜಿಒಟಿ ಇನ್ನೊಂದಕ್ಕಿಂತ ಎರಡು ಪಟ್ಟು ಇದ್ಯಾ, ಜಿಜಿಟಿ ಅನ್ನೋ ಇನ್ನೊಂದು ಲಿವರ್ ಪದಾರ್ಥ ಎಷ್ಟಿದೆ, ಕೆಂಪು ರಕ್ತಕಣದ ಗಾತ್ರ ದೊಡ್ಡದಾಗಿದ್ಯಾ ಅಂತೆಲ್ಲಾ ನೋಡ್ತಾರೆ, ಗಟ್ಟಿತನಕ್ಕೆ ಫೈಬ್ರೋಸ್ಕ್ಯಾನ್ ಅಂತ ಬೇರೆ ಪರೀಕ್ಷೆ ಇದೆ.

ನಡೆಯೋ ದಾರಿ ಹೀಗೆ. ಮೊದಲು ಫ್ಯಾಟಿ ಲಿವರ್, ಜೋರಾಗಿ ಕುಡಿಯೋ ಹೆಚ್ಚುಕಮ್ಮಿ ಎಲ್ಲರಿಗೂ ಆಗುತ್ತೆ, ಏನೂ ನೋವಿರಲ್ಲ. ಖುಷಿ ವಿಷಯ ಅಂದ್ರೆ ಬಿಟ್ರೆ ಕೆಲವೇ ವಾರದಲ್ಲಿ ಇದು ಸರಿಹೋಗುತ್ತೆ. ಮುಂದುವರಿಸಿದ್ರೆ ಕೆಲವರಿಗೆ ಊತ ಬರುತ್ತೆ, ಅದೇ ಆಲ್ಕೋಹಾಲಿಕ್ ಹೆಪಟೈಟಿಸ್, ಇದು ಜೋರಾಗಿ ಬಂದ್ರೆ ತಿಂಗಳೊಳಗೆ ಪ್ರಾಣ ತೆಗೆಯೋದೂ ಉಂಟು. ಅದರಾಚೆ ಸಿರೋಸಿಸ್, ಲಿವರ್ ತುಂಬಾ ಗಾಯದ ಕಲೆ ಕಟ್ಟಿ ಗಂಟುಗಂಟಾಗೋದು. ರಕ್ತಕ್ಕೆ ದಾರಿ ಸಿಗದೆ ಅನ್ನನಾಳದ ನರಗಳು ಉಬ್ಬಿ ಒಡೆದು ರಕ್ತ ವಾಂತಿ ಆಗುತ್ತೆ, ಹೊಟ್ಟೆಗೆ ನೀರು ತುಂಬುತ್ತೆ, ಕಣ್ಣು ಹಳದಿ ಆಗುತ್ತೆ. ಹಳದಿ ಕಂಡ ತಕ್ಷಣ ಕಾಮಾಲೆಗೆ ಸೊಪ್ಪಿನ ಔಷಧಿ ಕುಡಿಸೋಕೆ ಹಳ್ಳಿಗೆ ಕರ್ಕೊಂಡು ಹೋಗ್ತಾರಲ್ಲ, ದಯವಿಟ್ಟು ಬೇಡ. ಹೆಪಟೈಟಿಸ್ ಎ ವೈರಸ್‌ನಿಂದ ಬಂದ ಕಾಮಾಲೆ ಸಾಮಾನ್ಯವಾಗಿ ತಾನಾಗೇ ಇಳಿಯುತ್ತೆ, ಆ ಹೆಸರೆಲ್ಲಾ ಸೊಪ್ಪಿಗೆ ಹೋಗುತ್ತೆ. ಕುಡಿತದಿಂದ ಬಂದದ್ದು ಹಾಗೆ ಇಳಿಯೋದಲ್ಲ.

ಸಿರೋಸಿಸ್ ಆದ ಮೇಲೆ ಬಿಟ್ಟು ಏನು ಪ್ರಯೋಜನ ಅಂತ ಕೇಳ್ತಾರೆ. ಆಗಲೂ ಬಿಟ್ಟೋರು ಬಿಡದೇ ಇರೋರಿಗಿಂತ ಜಾಸ್ತಿ ವರ್ಷ ಬದುಕ್ತಾರೆ. ಆ ಹಂತದಲ್ಲಿ ಬೇರೆ ಯಾವ ಔಷಧಿಯೂ ಇದಕ್ಕೆ ಸಮ ಅಲ್ಲ.

ಕುಡೀದೇ ಇದ್ರೆ ನಿದ್ದೆನೇ ಬರಲ್ಲ. ಅದಕ್ಕೇ ಕುಡಿಯೋದು.

ಆಲ್ಕೋಹಾಲ್ ಮಲಗಿಸುತ್ತೆ ನಿಜ, ಆದ್ರೆ ಅರ್ಧ ರಾತ್ರಿಗೆ ಅದರ ಪ್ರಭಾವ ಇಳಿದಾಗ ಮೆದುಳು ಸ್ಪ್ರಿಂಗ್ ಥರ ಎದ್ದು ಕೂರುತ್ತೆ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರ, ಬಾಯಿ ಒಣಗಿರುತ್ತೆ, ಎದೆ ಡವಡವ, ಇಎಂಐ ನೆನಪಾಗುತ್ತೆ, ಇದು ಯಾರಿಗೆ ಗೊತ್ತಿಲ್ಲ ಹೇಳಿ. ಬಿಟ್ಟ ಮೊದಲ ಒಂದೆರಡು ವಾರ ನಿದ್ದೆ ಇನ್ನೂ ಕೆಡುತ್ತೆ, ಆಮೇಲೆ ತಾನಾಗೇ ಕೂಡಿಕೊಳ್ಳುತ್ತೆ, ನನಗೆ ಸುಮಾರು ಒಂದು ತಿಂಗಳಾಯ್ತು. ಕುಡಿದ ಮೇಲೆ ನಿದ್ದೆ ಮಾತ್ರೆ ನುಂಗೋದು ಮಾತ್ರ ಯಾವತ್ತೂ ಮಾಡ್ಬೇಡಿ, ಎರಡೂ ಸೇರಿ ಉಸಿರಾಟ ನಿಲ್ಲಿಸಬಹುದು.

ಶುಗರ್, ಬಿಪಿ ಎರಡೂ ಇದೆ. ಕುಡಿಯೋ ದಿನ ಮಾತ್ರೆ ತಗೊಳ್ಳಲ್ಲ, ರಿಯಾಕ್ಷನ್ ಆಗುತ್ತೆ ಅಂತ. ಸರಿ ತಾನೆ?

ಸರಿ ಇಲ್ಲ. ಕುಡಿತವೇ ಬಿಪಿ ಏರಿಸುತ್ತೆ, ಅದೇ ದಿನ ಬಿಪಿ ಮಾತ್ರೆನೂ ಬಿಟ್ರೆ ಎರಡೂ ಕಡೆಯಿಂದ ಹೊಡೆತ. ಶುಗರ್ ಕಥೆ ಇನ್ನೂ ಸೂಕ್ಷ್ಮ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಂಡು, ಊಟ ಸರಿಯಾಗಿ ಮಾಡ್ದೆ ಕುಡಿದು ಮಲಗಿದ್ರೆ ರಾತ್ರಿ ಶುಗರ್ ಪಾತಾಳಕ್ಕೆ ಇಳಿಯಬಹುದು, ಯಾಕಂದ್ರೆ ಲಿವರ್ ಆಲ್ಕೋಹಾಲ್ ಸುಡೋ ಕೆಲಸದಲ್ಲಿರುತ್ತೆ, ಸಕ್ಕರೆ ಬಿಡುಗಡೆ ಮಾಡೋದನ್ನ ನಿಲ್ಲಿಸಿರುತ್ತೆ. ತೊದಲೋದು, ತೂರಾಡೋದು, ಬೆವರೋದು ನೋಡಿ ಮನೆಯವರು ಟೈಟಾಗಿದಾನೆ ಮಲಗ್ಲಿ ಬಿಡು ಅಂತ ಬಿಟ್ಬಿಡ್ತಾರೆ. ಮೆಟ್‌ಫಾರ್ಮಿನ್ ತಗೊಳ್ಳೋರು ಜೋರಾಗಿ ಕುಡಿದ್ರೆ ರಕ್ತದಲ್ಲಿ ಆಮ್ಲ ಏರೋ ಅಪಾಯ ಬೇರೆ. ನಿಮ್ಮ ಡಾಕ್ಟರ್‌ಗೆ ಎಷ್ಟು ಕುಡೀತೀರಿ ಅಂತ ನಿಜ ಹೇಳಿ, ಕೇಳಿದಾಗ "ಅಕೇಶನಲಿ" ಅನ್ನಬೇಡಿ.

ಕ್ಯಾನ್ಸರ್ ಬರೋದು ಗುಟ್ಕಾದಿಂದ ಅಲ್ವಾ, ಕುಡಿತಕ್ಕೂ ಅದಕ್ಕೂ ಏನು ಸಂಬಂಧ?

1988ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಲ್ಕೋಹಾಲನ್ನ ಮೊದಲನೇ ಗುಂಪಿಗೆ, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರೋದು ಖಚಿತ ಅನ್ನೋ ಪಟ್ಟಿಗೆ ಸೇರಿಸ್ತು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ. ಗುಟ್ಕಾ ಅಥವಾ ಸಿಗರೇಟಿನ ಜೊತೆ ಕುಡಿತ ಸೇರಿದ್ರೆ ಬಾಯಿ ಗಂಟಲಿನ ಅಪಾಯ ಎರಡನ್ನೂ ಕೂಡಿದ್ದಕ್ಕಿಂತ ಜಾಸ್ತಿ, ಬಾರಲ್ಲಿ ಕೂತ್ರೆ ಎರಡೂ ಜೊತೆಗೇ ನಡೆಯೋದು ತಾನೆ.

ಅಪ್ಪಂಗೆ ಕಾಲುರಿ, ನಡೆಯುವಾಗ ತೂರಾಡ್ತಾರೆ, ಮಾತಾಡಿದ್ದು ಮರೀತಾರೆ. ಕುಡಿಯದೇ ಇದ್ದಾಗಲೂ.

ಇದಕ್ಕೆ ಬಿ1 ವಿಟಮಿನ್, ಥಯಾಮಿನ್ ಕೊರತೆ ದೊಡ್ಡ ಕಾರಣ ಇರಬಹುದು. ಜೋರಾಗಿ ಕುಡಿಯೋರು ಊಟ ಬಿಡ್ತಾರೆ, ತಿಂದದ್ದರಿಂದಲೂ ಮೈ ಅದನ್ನ ಸರಿಯಾಗಿ ಹೀರಿಕೊಳ್ಳಲ್ಲ. ತೂರಾಟ, ಗೊಂದಲ, ಕಣ್ಣುಗುಡ್ಡೆ ಸರಿಯಾಗಿ ತಿರುಗದೇ ಇರೋದು ಕಂಡ್ರೆ ಅದೇ ದಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ, ತಡ ಆದ್ರೆ ನೆನಪಿನ ಶಕ್ತಿ ವಾಪಸ್ ಬರದ ಹಾಗೆ ಹೋಗುತ್ತೆ. ಇನ್ನೊಂದು ವಿಷಯ ಹೇಳಲೇಬೇಕು. ಸುಸ್ತು ಅಂತ ಊರಿನ ಕ್ಲಿನಿಕ್ಕಲ್ಲಿ "ಒಂದು ಗ್ಲೂಕೋಸ್ ಬಾಟ್ಲು ಹಾಕಿ" ಅಂತ ನಾವೇ ಕೇಳ್ತೀವಿ. ಥಯಾಮಿನ್ ಕೊಡದೇ ಬರೀ ಗ್ಲೂಕೋಸ್ ಏರಿಸಿದ್ರೆ ಈ ತೊಂದರೆ ಉಲ್ಬಣಿಸಬಹುದು. "ಇವರು ದಿನಾ ಕುಡೀತಾರೆ" ಅಂತ ಮೊದಲೇ ಹೇಳಿ, ಮುಚ್ಚಿಡ್ಬೇಡಿ.

## ಕಮ್ಮಿ ಮಾಡೋದು, ಬಿಡೋದು

ಅಯ್ಯಪ್ಪನ ಮಾಲೆ ಹಾಕಿದಾಗ 41 ದಿನ ಮುಟ್ಟಲ್ಲ, ಶ್ರಾವಣದಲ್ಲೂ ಮುಟ್ಟಲ್ಲ. ಹಾಗಾದ್ರೆ ನನಗೆ ಅಡಿಕ್ಷನ್ ಇಲ್ಲ ಅಂತ ತಾನೆ?

ಬಿಟ್ಟಿರೋ ಶಕ್ತಿ ನಿಮಗಿದೆ ಅಂತ ಗೊತ್ತಾಯ್ತು, ಅದು ಒಳ್ಳೇ ಸುದ್ದಿ, ಮುಂದೆ ಉಪಯೋಗಕ್ಕೆ ಬರುತ್ತೆ. ಆದ್ರೆ ಪ್ರಶ್ನೆ ಇರೋದು ಮಾಲೆ ತೆಗೆದ ದಿನ ಸಂಜೆ ಏನ್ ಮಾಡ್ತೀರಿ ಅನ್ನೋದ್ರಲ್ಲಿ. ಡಾಕ್ಟರುಗಳು ಕೇಳೋ ನಾಲ್ಕು ಹಳೇ ಪ್ರಶ್ನೆ ಇದೆ: ಕಮ್ಮಿ ಮಾಡ್ಬೇಕು ಅಂತ ಅನ್ಸಿದ್ಯಾ, ಯಾರಾದ್ರೂ ಕುಡಿತದ ಬಗ್ಗೆ ಮಾತಾಡಿದ್ರೆ ಸಿಟ್ಟು ಬರುತ್ತಾ, ಕುಡಿದಿದ್ದಕ್ಕೆ ತಪ್ಪಿತಸ್ಥ ಭಾವನೆ ಬಂದಿದ್ಯಾ, ಬೆಳಗ್ಗೆ ಎದ್ದ ತಕ್ಷಣ ನಡುಕ ನಿಲ್ಲೋಕೆ ಹಾಕಿದ್ದೀರಾ. ಎರಡಕ್ಕೆ ಹೌದು ಅಂದ್ರೆ ಯೋಚನೆ ಮಾಡ್ಬೇಕಾದ ವಿಷಯ. ಕೊನೇದು ಒಂದೇ ಹೌದಾದ್ರೂ ಸಾಕು ಅಂತ ನಾನಂತೀನಿ.

ಮಾಲೆ ಕೆಲಸ ಮಾಡೋದು ಯಾಕೆ ಅಂತ ನೋಡಿ. ತಾರೀಖು ಗೊತ್ತು, ಜೊತೆಗೆ ಜನ ಇದಾರೆ, ಸಂಜೆ ಹೊತ್ತು ಭಜನೆ ಇದೆ, ಯಾರೂ ಒತ್ತಾಯ ಮಾಡಲ್ಲ. ದೇವರ ಮಾತು ಪಕ್ಕಕ್ಕಿಟ್ರೂ ಬಿಡೋಕೆ ಬೇಕಾದ ಸಾಮಾನೆಲ್ಲಾ ಅದರಲ್ಲಿದೆ.

ಆಣೆ ಮಾಡಿದೀನಿ ಅಣ್ಣಾ, ನಾಳೆಯಿಂದ ಒಂದೇ ಏಟಿಗೆ ಬಿಟ್ಬಿಡ್ತೀನಿ.

ವಾರಕ್ಕೊಂದು ಸಲ ಕುಡಿಯೋರಾದ್ರೆ ಬಿಟ್ಬಿಡಿ, ಏನೂ ಆಗಲ್ಲ. ದಿನಾ ಕ್ವಾರ್ಟರ್, ಹಾಫ್ ಕುಡಿಯೋರು, ಬೆಳಗ್ಗೆ ಕೈ ನಡುಗೋರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಡಾಕ್ಟರನ್ನ ಕಾಣದೆ ಹೀಗೆ ಮಾಡಲೇಬೇಡಿ. ನಾನು ಮಾಡಿದ್ದು ಇದೇ. ತಂಗಿ ಮನೆ ಗೃಹಪ್ರವೇಶಕ್ಕೆ ಮುಂಚೆ ಬಿಡ್ತೀನಿ ಅಂತ ಅಮ್ಮನ ತಲೆ ಮುಟ್ಟಿ ಹೇಳಿ ನಿಲ್ಲಿಸ್ದೆ, ಮೊದಲ ದಿನ ಬೆವರು, ವಾಕರಿಕೆ, ಟೀ ಲೋಟ ಹಿಡಿಯೋಕಾಗ್ತಿರ್ಲಿಲ್ಲ, ಎರಡನೇ ದಿನ ಬಚ್ಚಲುಮನೆ ಬಾಗಿಲಲ್ಲಿ ಫಿಟ್ಸ್ ಬಂದು ಬಿದ್ದೆ, ನಾಲಿಗೆ ಕಚ್ಚಿಕೊಂಡು ಹಣೆ ಒಡೆದು ಏಳು ಹೊಲಿಗೆ. ಎಮರ್ಜೆನ್ಸಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಯಾಕೆ ಕುಡೀತೀಯಾ ಅಂತ ಕೇಳ್ಲಿಲ್ಲ, "ಯಾವಾಗ ನಿಲ್ಲಿಸಿದ್ರಿ?" ಅಂತ ಕೇಳಿದ್ರು. ನಿಲ್ಲಿಸಿದ್ದರಿಂದ ಹೀಗಾಗುತ್ತೆ ಅಂತ ನಮ್ಮ ಮನೇಲಿ ಒಬ್ರಿಗೂ ಗೊತ್ತಿರ್ಲಿಲ್ಲ.

ವರ್ಷಗಟ್ಟಲೆ ಆಲ್ಕೋಹಾಲ್ ಮೆದುಳನ್ನ ಅದುಮಿ ಹಿಡಿದಿರುತ್ತೆ, ಮೆದುಳು ಅದಕ್ಕೆ ಎದುರಾಗಿ ತಳ್ತಾ ಇರುತ್ತೆ, ಅದುಮೋ ಕೈ ತಟ್ಟಂತ ತೆಗೆದ್ರೆ ತಳ್ಳೋದು ಮಾತ್ರ ಉಳಿಯುತ್ತೆ. ಕೊನೇ ಪೆಗ್ ಆಗಿ 6-8 ಗಂಟೆಗೆ ನಡುಕ ಶುರು, ಫಿಟ್ಸ್ ಬರೋದಾದ್ರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ, ಎರಡು ಮೂರು ದಿನ ಆದ ಮೇಲೆ ಕೆಲವರಿಗೆ ಡಿಲಿರಿಯಂ. ಗೋಡೆ ಮೇಲೆ ಇರುವೆ ಹರಿದಂಗೆ ಕಾಣುತ್ತೆ, ಸತ್ತೋದ ಅಜ್ಜ ಬಂದು ಕೂತಂಗೆ ಕಾಣುತ್ತೆ, ಮನೆಯವರು ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸೋಕೆ ಓಡ್ತಾರೆ. ಚಿಕಿತ್ಸೆ ಸಿಗದಿದ್ರೆ ಪ್ರಾಣ ಹೋಗೋ ಕಾಯಿಲೆ ಅದು. 2020ರ ಲಾಕ್‌ಡೌನಲ್ಲಿ ಅಂಗಡಿ ಏಕಾಏಕಿ ಮುಚ್ಚಿದಾಗ ಎಷ್ಟೋ ಮನೇಲಿ ಇದು ಆಯ್ತು.

ಆಸ್ಪತ್ರೇಲಿ ಮಾಡೋದು ದೊಡ್ಡ ವಿದ್ಯೆ ಏನಲ್ಲ, ಥಯಾಮಿನ್ ಕೊಟ್ಟು, ನಡುಕ ತಡೆಯೋ ಮಾತ್ರೆ ಸುಮಾರು ಒಂದು ವಾರ ಕೊಟ್ಟು ದಿನಾ ಕಮ್ಮಿ ಮಾಡ್ತಾ ಬರ್ತಾರೆ. ಆ ಮಾತ್ರೆ ಹೆಸರು ಪಕ್ಕದ ಮನೆಯವರ ಹತ್ರ ಕೇಳ್ಕೊಂಡು ಮೆಡಿಕಲ್ ಸ್ಟೋರಲ್ಲಿ ತಂದು ನುಂಗೋದು ಬೇಡ.

ಪೂರ್ತಿ ಬಿಡೋಕೆ ಮನಸ್ಸಿಲ್ಲ, ಕಮ್ಮಿ ಮಾಡ್ಬೇಕು. ಹೇಗೆ?

ನಡುಕ ಗಿಡುಕ ಇಲ್ಲದವರಿಗೆ ಹೇಳ್ತಿದೀನಿ. ಮೊದಲ ವಾರ ಏನೂ ಬದಲಾಯಿಸ್ಬೇಡಿ, ಬರೀ ಬರೆದಿಡಿ. ಯಾವ ದಿನ, ಎಷ್ಟು ಎಂಎಲ್, ಯಾರ ಜೊತೆ, ಯಾಕೆ. ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕ ಬರೀತೀವಲ್ಲ, ಹಾಗೆ. ನಾನು ಬರೆದಾಗ ಗೊತ್ತಾಗಿದ್ದು, ಸಂಬಳದ ವಾರದಲ್ಲಿ ಜಾಸ್ತಿ, ಹೆಂಡತಿ ಊರಿಗೆ ಹೋದಾಗ ಜಾಸ್ತಿ. ಕ್ರಿಕೆಟ್ ಇದ್ದಾಗ ಜಾಸ್ತಿ ಅಂತಿದ್ದೆ, ಮ್ಯಾಚಿಗೂ ಅದಕ್ಕೂ ಸಂಬಂಧನೇ ಇರ್ಲಿಲ್ಲ.

ಆಮೇಲೆ ವಾರದಲ್ಲಿ ಕುಡಿಯದ ದಿನ ಯಾವುದು ಅಂತ ಮೊದಲೇ ತೀರ್ಮಾನ ಮಾಡಿ. ಸೋಮವಾರ ಶನಿವಾರ ಹೇಗೂ ಎಷ್ಟೋ ಮನೇಲಿ ನಾನ್‌ವೆಜ್ ಇಲ್ಲ, ಅಲ್ಲಿಂದ ಶುರು ಮಾಡೋದು ಸುಲಭ. ಮನೇಲಿ ಸ್ಟಾಕ್ ಇಡ್ಬೇಡಿ, ಫುಲ್ ಬಾಟಲ್ ತಂದ್ರೆ ಅಗ್ಗ ಅನ್ನೋ ಲೆಕ್ಕಾಚಾರದಲ್ಲೇ ನಾವೆಲ್ಲಾ ಮುಳುಗಿದ್ದು. ಕ್ವಾರ್ಟರ್ ಬದಲು ನೈಂಟಿ ತನ್ನಿ, ತಂದ ಮೇಲೆ ಮತ್ತೆ ಅಂಗಡಿಗೆ ಹೋಗಲ್ಲ ಅನ್ನೋ ಒಂದೇ ನಿಯಮ. ಕೈಲಿ ಸುರಿಯೋ ಪಟಿಯಾಲ ಪೆಗ್ ಬಿಟ್ಟು ಅಳತೆ ಮುಚ್ಚಳದಲ್ಲಿ ಅಳೀರಿ. ಕುಡಿಯೋಕೆ ಮುಂಚೆ ಊಟ ಮಾಡಿ, ಮುದ್ದೆ ಉಂಡ ಹೊಟ್ಟೆಗೆ ಕ್ವಾರ್ಟರ್ ಇಳಿಯೋದು ಕಷ್ಟ, ನಮ್ಮೋರು ಊಟ ಕೊನೇಗಿಡೋದೇ ಅದಕ್ಕೆ. ಮನೆಗೆ ಬರೋ ದಾರಿ ಬದಲಾಯಿಸಿ, ತಮಾಷೆ ಅಲ್ಲ, ಆ ಎಂಆರ್‌ಪಿ ಅಂಗಡಿ ಮುಂದೆ ಗಾಡಿ ತಾನಾಗೇ ನಿಲ್ಲುತ್ತೆ. ಆಸೆ ಅಲೆ ಥರ, ಏರುತ್ತೆ, ಇಪ್ಪತ್ತು ಮೂವತ್ತು ನಿಮಿಷದಲ್ಲಿ ಇಳಿಯುತ್ತೆ, ಅಷ್ಟು ಹೊತ್ತು ಸ್ನಾನ ಮಾಡಿ, ಮಗುಗೆ ಲೆಕ್ಕ ಹೇಳಿಕೊಡಿ, ಏನಾದ್ರೂ ಒಂದು.

ಮೂರು ತಿಂಗಳು ಹೀಗೆ ಪ್ರಯತ್ನ ಮಾಡಿಯೂ ಪ್ರತಿ ವಾರ ಗೆರೆ ದಾಟ್ತಾ ಇದ್ರೆ, ನಿಮಗೆ ಕಮ್ಮಿ ಮಾಡೋದಕ್ಕಿಂತ ಬಿಡೋದೇ ಸುಲಭ ಇರಬಹುದು. ನನಗೆ ಹಾಗೇ ಆಯ್ತು. ಒಂದು ಪೆಗ್ಗಿಗೆ ನಿಲ್ಲಿಸೋದು ನನಗೆ ಯಾವತ್ತೂ ಬರ್ಲೇ ಇಲ್ಲ.

ಫ್ರೆಂಡ್ಸ್ ಬಿಡಲ್ಲ ಸರ್, ಏನಂತ ಹೇಳೋದು?

"ಗ್ಯಾಸ್ಟ್ರಿಕ್, ಡಾಕ್ಟರ್ ಬೇಡ ಅಂದಿದಾರೆ." ಮುಗೀತು. ಮೂರು ಸಲ ಹೇಳಿದ್ಮೇಲೂ ಗ್ಲಾಸಿಗೆ ಸುರಿಯೋನ ಪಕ್ಕ ಕೂರ್ಬೇಡಿ.

## ಮನೆಯವರು ಕೇಳೋದು, ಚಿಕಿತ್ಸೆ

ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಟ್ರೆ ಬಿಟ್ಬಿಡ್ತಾರೆ ಅಂತ ಒಂದು ಪುಡಿ ಸಿಗುತ್ತಂತೆ ಅಣ್ಣಾ, ಕೊಡ್ಲಾ?

ಬೇಡಕ್ಕ. ಬಸ್ಸಿನ ಹಿಂದೆ, ಗೋಡೆ ಮೇಲೆ ನಂಬರ್ ಬರೆದಿರ್ತಾರಲ್ಲ, ಅಂಥ ಪುಡಿಗಳಲ್ಲಿ ಏನಿದೆ ಅಂತ ಮಾರೋನಿಗೂ ಗೊತ್ತಿರಲ್ಲ. ಡೈಸಲ್ಫಿರಾಮ್ ಅನ್ನೋ ನಿಜವಾದ ಮಾತ್ರೆ ಒಂದಿದೆ, ಅದನ್ನ ತಗೊಂಡು ಕುಡಿದ್ರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗಿ, ಬಿಪಿ ಬಿದ್ದುಹೋಗುತ್ತೆ, ಹಾರ್ಟ್ ವೀಕ್ ಇದ್ರೆ ಸಾಯಲೂಬಹುದು. ಕೊನೇ ಮಾತ್ರೆ ತಗೊಂಡು ಎರಡು ವಾರದವರೆಗೂ ಆ ಪ್ರಭಾವ ಉಳಿಯಬಹುದು. ಅದಕ್ಕೇ ಗೊತ್ತಿದ್ದು, ಒಪ್ಪಿ ತಗೊಳ್ಳೋರಿಗೆ ಮಾತ್ರ ಡಾಕ್ಟರು ಕೊಡೋದು. ಅಂಥವರಿಗೆ ಹೆಂಡತಿನೋ ಅಮ್ಮನೋ ದಿನಾ ಬೆಳಗ್ಗೆ ಎದುರಿಗೇ ಕೊಟ್ರೆ ಚೆನ್ನಾಗೇ ಕೆಲಸ ಮಾಡುತ್ತೆ.

ಬೇರೆ ಮಾತ್ರೆ ಇದಾವಾ, ಅಥವಾ ಎಲ್ಲಾ ಮನಸ್ಸಿನ ಆಟನಾ?

ಇದಾವೆ. ನಾಲ್ಟ್ರೆಕ್ಸೋನ್ ಕುಡಿದಾಗ ಬರೋ ಕಿಕ್ ಕಮ್ಮಿ ಮಾಡುತ್ತೆ, ಅಕಾಂಪ್ರೊಸೇಟ್ ಬಿಟ್ಟ ಮೇಲಿನ ಚಡಪಡಿಕೆ ಕಮ್ಮಿ ಮಾಡುತ್ತೆ, ಲಿವರ್ ಕೆಟ್ಟವರಿಗೆ ಬ್ಯಾಕ್ಲೋಫೆನ್ ಕೊಡೋದುಂಟು. ಯಾವುದು ಯಾರಿಗೆ ಅನ್ನೋದು ಕಿಡ್ನಿ, ಲಿವರ್, ಬೇರೆ ಮಾತ್ರೆ ನೋಡಿ ಡಾಕ್ಟರು ಹೇಳ್ಬೇಕು. ಶುಗರ್‌ಗೆ ಮಾತ್ರೆ ತಗೊಳ್ಳೋನಿಗೆ ಮನಸ್ಸು ಗಟ್ಟಿ ಮಾಡ್ಕೋ ಅಂತ ಯಾರೂ ಹೇಳಲ್ಲ, ಕುಡಿತದ ವಿಷಯಕ್ಕೆ ಮಾತ್ರ ಎಲ್ಲರಿಗೂ ಉಪದೇಶ ಬರುತ್ತೆ.

ಎಲ್ಲಿಗೆ ಹೋಗೋದು? ದುಡ್ಡಿಲ್ಲ.

ಮೊದಲು 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, 2022ರಲ್ಲಿ ಶುರುವಾಗಿದ್ದು, ದಿನದ 24 ಗಂಟೆಯೂ ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಇದಕ್ಕೆ ಚಿಕಿತ್ಸೆ ಇದೆ, ಹುಚ್ಚಾಸ್ಪತ್ರೆ ಅಂತ ನಾಚಿಕೆ ಪಟ್ಕೊಳ್ಬೇಡಿ. ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಪ್ರತ್ಯೇಕ ವಿಭಾಗ ಇದೆ, ಧಾರವಾಡ ಕಡೆಯವರಿಗೆ ಡಿಮ್ಹಾನ್ಸ್. ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಹಳ್ಳಿ ಹಳ್ಳೀಲಿ ನಡೆಯುತ್ತೆ, ಆಮೇಲೆ ನವಜೀವನ ಸಮಿತಿ ಅಂತ ಬಿಟ್ಟವರೆಲ್ಲಾ ಸೇರ್ತಾರೆ, ನನಗೆ ಗೊತ್ತಿರೋ ಮೂರು ಜನ ಅಲ್ಲಿಂದಲೇ ಬಿಟ್ಟಿರೋದು. ನಡುಕ, ಫಿಟ್ಸ್ ಇರೋರು ಮಾತ್ರ ಶಿಬಿರಕ್ಕೆ ಮುಂಚೆ ಡಾಕ್ಟರನ್ನ ಕಾಣಿ. ಆಲ್ಕೋಹಾಲಿಕ್ಸ್ ಅನಾನಿಮಸ್ ಮೀಟಿಂಗ್ ಕನ್ನಡದಲ್ಲೂ ಇವೆ, ಕಾಸಿಲ್ಲ, ನೀವು ಯಾರು ಅಂತ ಹೇಳ್ಬೇಕಾಗೂ ಇಲ್ಲ.

ಗಂಡನ್ನ ಬಲವಂತವಾಗಿ ಎತ್ತಾಕ್ಕೊಂಡು ಹೋಗೋ ಸೆಂಟರ್ ಇದ್ಯಂತೆ, ಹಾಕ್ಲಾ?

ನಿಮ್ಮ ಕಷ್ಟ ಅರ್ಥ ಆಗುತ್ತೆ, ಆದ್ರೂ ಹುಷಾರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದಿಂದಾಗೋ ತೊಂದರೆಗಳಿಗೂ ಅನ್ವಯಿಸುತ್ತೆ, ಸೆಂಟರ್ ನೋಂದಣಿ ಆಗಿರ್ಬೇಕು, ಸರಪಳಿ ಹಾಕಿ ಕಟ್ಟೋದು ಅಪರಾಧ, ಒಪ್ಪಿಗೆ ಇಲ್ಲದೆ ಸೇರಿಸೋಕೆ ಗಟ್ಟಿ ಕಾರಣ, ವೈದ್ಯರ ಪರೀಕ್ಷೆ ಬೇಕು. ಸೇರಿಸೋ ಮುಂಚೆ ಎರಡೇ ಪ್ರಶ್ನೆ ಕೇಳಿ: ರಾತ್ರಿ ಫಿಟ್ಸ್ ಬಂದ್ರೆ ನೋಡೋ ಡಾಕ್ಟರ್ ಯಾರು, ನಾನು ಬಂದು ನೋಡಬಹುದಾ. ಎರಡನೇದಕ್ಕೆ ಮೂರು ತಿಂಗಳು ಬರೋ ಹಾಗಿಲ್ಲ ಅಂದ್ರೆ ವಾಪಸ್ ಬನ್ನಿ. ಮನೇಲಿ ಹೊಡೆತ ಬಡಿತ ಇದ್ರೆ ಅದು ಬೇರೆ ವಿಷಯ, 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಕುಡಿತ ಬಿಡ್ಲಿ ಆಮೇಲೆ ನೋಡೋಣ ಅಂತ ಕಾಯ್ಬೇಡಿ.

ಮೂರು ತಿಂಗಳು ಬಿಟ್ಟಿದ್ದೆ, ಭಾವನ ಮದುವೇಲಿ ಕುಡಿದುಬಿಟ್ಟೆ. ಎಲ್ಲಾ ಹೋಯ್ತಾ?

ಏನೂ ಹೋಗಿಲ್ಲ. 90 ದಿನ ಲಿವರ್‌ಗೆ ಸಿಕ್ಕ ರಜೆ ಯಾರೂ ವಾಪಸ್ ತಗೊಳ್ಳಲ್ಲ. ಕೆಡೋದು ಆ ರಾತ್ರಿಯಲ್ಲಿ ಅಲ್ಲ, ಹೇಗೂ ಹಾಳಾಯ್ತಲ್ಲ ಅಂತ ಮಾರನೇ ದಿನ ಮುಂದುವರಿಸ್ತೀವಲ್ಲ, ಅಲ್ಲಿ. ಎರಡು ಎಚ್ಚರಿಕೆ ಇದೆ. ಮೂರು ತಿಂಗಳಲ್ಲಿ ಮೈಗೆ ಅಭ್ಯಾಸ ತಪ್ಪಿರುತ್ತೆ, ಹಳೇ ಅಳತೇಲಿ ಹಾಕಿದ್ರೆ ತಡ್ಕೊಳ್ಳಲ್ಲ. ಮತ್ತೆ ವಾರಗಟ್ಟಲೆ ಕುಡಿದುಬಿಟ್ಟಿದ್ರೆ ತಟ್ಟಂತ ನಿಲ್ಲಿಸ್ದೆ ಹಳೇ ಡಾಕ್ಟರ್ ಹತ್ರ ಹೋಗಿ, ಫಿಟ್ಸ್ ಬಂದಿದ್ದವರಿಗೆ ಮುಂದಿನ ಸಲ ಮತ್ತೆ ಬರೋ ಅಪಾಯ ಜಾಸ್ತಿ.

ನಾನು ಎರಡು ಸಲ ಜಾರಿದೀನಿ. ಎರಡನೇ ಸಲ ಬೆಳಗ್ಗೆ ಎದ್ದು ಡಾಕ್ಟರಮ್ಮಂಗೆ ಮುಖ ತೋರಿಸೋಕೆ ನಾಚಿಕೆಯಾಗಿ ಓಪಿಡಿ ಹೊರಗಡೆ ಬೆಂಚ್ ಮೇಲೆ ಎರಡು ಗಂಟೆ ಕೂತಿದ್ದೆ. ಅವರೇ ಊಟಕ್ಕೆ ಅಂತ ಹೊರಗೆ ಬಂದೋರು ನೋಡಿ, "ಎಷ್ಟು ಎಂಎಲ್?" ಅಂದ್ರು. ಹೇಳ್ದೆ. ಚೀಟಿ ಮೇಲೆ ಬರ್ಕೊಂಡ್ರು, ಒಳಗೆ ಕರೆದ್ರು.